ಕೈಗೆ ತಾಳ, ಮನಕ್ಕೆ ಬಲ

ಮೈಗೆ ಜ್ವರ ಬಂದರೆ ಓಣಿಗೆಲ್ಲ ತಿಳಿಯುತ್ತದೆ. ಮನಸ್ಸು ನೊಂದರೆ ಮನೆಯವರಿಗೂ ತಿಳಿಯುವುದಿಲ್ಲ. ಬೆಳೆ ಕಳೆದುಕೊಂಡ ರೈತ, ಮಗನನ್ನು ಕಳೆದುಕೊಂಡ ತಾಯಿ ಮೂಲೆ ಹಿಡಿದು ಕೂತರೆ, ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತೇವೆ. ಇಲ್ಲವೇ ಧೈರ್ಯ ತಂದುಕೋ ಎಂದು ಹೇಳಿ ಎದ್ದು ಬರುತ್ತೇವೆ.

ಸದ್ಭಕ್ತರೇ, ಅಸುಂಡಿಯವರಿಗೆ ಗದಗ ದೂರದ ಊರಲ್ಲ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಹುಟ್ಟಿನಿಂದಲೇ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳನ್ನು (1892–1944) ಹಾನಗಲ್ಲ ಕುಮಾರ ಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಅಂಧ, ಅನಾಥ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಉಣಿಸಿದರು, ನಾಟಕ ಬರೆದು ಆಡಿಸಿದರು. ಆ ಮಕ್ಕಳಿಗೆ ಕಣ್ಣು ಬರಲಿಲ್ಲ. ಆದರೆ ಮನೆಗೆ ಭಾರವೆನಿಸಿದ್ದವರು ನಾಡಿಗೆ ಬೇಕಾದವರಾದರು.

ಈ ದಾಸೋಹ ನಮ್ಮೂರ ಗುಡಿಯಲ್ಲೂ ನಡೆಯಲಿ. ಸೋಮವಾರದ ಭಜನೆಗೆ, ಡೊಳ್ಳಿಗೆ, ಜಾತ್ರೆಯ ನಾಟಕಕ್ಕೆ ಕಂಠ ಇದ್ದವರನ್ನಷ್ಟೇ ಕರೆಯಬೇಡಿ. ಮೂಲೆ ಹಿಡಿದವನ ಕೈಗೂ ತಾಳ ಕೊಡಿ. ಹಾಡದಿದ್ದರೆ ಸುಮ್ಮನೆ ಕೂಡಲಿ. ಹತ್ತು ಮಂದಿಯ ದನಿಯ ನಡುವೆ ಕೂತಾಗ ಎದೆಯ ಭಾರ ತುಸುವಾದರೂ ಇಳಿದೀತು. ಮರುವಾರ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸಿ.

ಆದರೆ ಭಜನೆ ಔಷಧದ ಜಾಗ ತುಂಬದು. ನಿದ್ದೆ, ಊಟ ಬಿಟ್ಟವರನ್ನು, ಸಾವಿನ ಮಾತಾಡುವವರನ್ನು ತಡಮಾಡದೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಕರೆದೊಯ್ಯಿರಿ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ನೊಂದವರ ಸಂಗಡ ಆಸ್ಪತ್ರೆಯ ಮೆಟ್ಟಿಲು ಹತ್ತುವುದೂ ಜಂಗಮ ಸೇವೆಯೇ.