ಡಯಾಲಿಸಿಸ್ ರೋಗಿಗಳ ರಕ್ತಪರೀಕ್ಷೆ ಕುರಿತ ಮನವಿ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ವಿಕಾಸಸೌಧ, ಬೆಂಗಳೂರು.

ವಿಷಯ: ಸಾಂಕ್ರಾಮಿಕದ ಕಾಲದಲ್ಲಿ ಡಯಾಲಿಸಿಸ್ ರೋಗಿಯ ಅಪಾಯವನ್ನು ಅವರದೇ ಹಿಂದಿನ ರಕ್ತಪರೀಕ್ಷೆಯೊಂದಿಗೆ ಹೋಲಿಸಿ ಅಳೆಯುವ ನಿಯಮ ರೂಪಿಸುವಂತೆ ಕೋರಿ.

ಮಾನ್ಯರೇ,

ಕೋವಿಡ್ ಹಬ್ಬಿದಾಗ ಊರೆಲ್ಲ ಬಾಗಿಲು ಹಾಕಿಕೊಂಡರೂ ಮೂತ್ರಪಿಂಡ ಕೈಕೊಟ್ಟವರು ಮನೆಯಲ್ಲಿ ಉಳಿಯುವಂತಿರಲಿಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ, ಹಲವರ ನಡುವೆ ಯಂತ್ರದ ಪಕ್ಕ ಮಲಗಲೇಬೇಕಿತ್ತು. ಯುರೋಪಿನ ಮೂತ್ರಪಿಂಡ ನೋಂದಣಿಯ 2020ರ ವರದಿಯಂತೆ, ಸೋಂಕು ತಗುಲಿದ ಡಯಾಲಿಸಿಸ್ ರೋಗಿಗಳಲ್ಲಿ ಐವರಲ್ಲಿ ಒಬ್ಬರು 28 ದಿನಗಳೊಳಗೆ ತೀರಿಕೊಂಡರು. ನಮ್ಮ ದೇಶದ 19 ದೊಡ್ಡ ಆಸ್ಪತ್ರೆಗಳ ಸಮೀಕ್ಷೆಯಲ್ಲಿ, ಲಾಕ್‌ಡೌನ್‌ನ ಆರಂಭದ ವಾರಗಳಲ್ಲೇ ಸುಮಾರು 28% ರೋಗಿಗಳಿಗೆ ಒಂದಾದರೂ ಡಯಾಲಿಸಿಸ್ ಸರದಿ ತಪ್ಪಿತ್ತು. ಇಷ್ಟು ಬಸವಳಿದವರಲ್ಲಿ ಯಾರ ಸ್ಥಿತಿ ಕೈಮೀರುತ್ತಿದೆ ಎಂದು ಒಂದೆರಡು ದಿನ ಮೊದಲೇ ತಿಳಿದರೂ ಜೀವ ಉಳಿಯಬಹುದು.

ಆದರೆ ಸೋಂಕಿನ ತೀವ್ರತೆ ತಿಳಿಯಲು ರಕ್ತಪರೀಕ್ಷೆಯಲ್ಲಿ ಎಲ್ಲರಿಗೂ ಹಿಡಿಯುವ ಅಳತೆಗೋಲು ಇವರಿಗೆ ಹೊಂದುವುದಿಲ್ಲ. ರಕ್ತಹೀನತೆಗೆಂದು ಕೊಡುವ ಕಬ್ಬಿಣದ ಇಂಜೆಕ್ಷನ್‌ನಿಂದ ಫೆರಿಟಿನ್ ಮೊದಲೇ ಏರಿರುತ್ತದೆ. ಡಿ-ಡೈಮರ್, ಟ್ರೋಪೋನಿನ್ ಸೋಂಕಿಲ್ಲದಾಗಲೂ ಹೆಚ್ಚಿರಬಹುದು. ಲಿಂಫೋಸೈಟ್ ಕಣಗಳು ಮೊದಲೇ ಕಡಿಮೆಯಿರಬಹುದು. ಹಾಗಾಗಿ ಒಂದು ದಿನದ ಅಂಕಿಯಿಂದ ಹೆದರುವುದೂ ತಪ್ಪು, ನಿಶ್ಚಿಂತರಾಗುವುದೂ ತಪ್ಪು. ರೋಗಿಯ ಅಂಕಿ ಅವರದೇ ಮಾಮೂಲಿ ಮಟ್ಟದಿಂದ ಎಷ್ಟು ಸರಿದಿದೆ ಎಂಬುದನ್ನು ನೋಡಬೇಕು. 2020ರಲ್ಲಿ ಮ್ಯಾಡ್ರಿಡ್‌ನ ಆಸ್ಪತ್ರೆಯೊಂದು 36 ಡಯಾಲಿಸಿಸ್ ರೋಗಿಗಳನ್ನು ಗಮನಿಸಿತು. ಲಕ್ಷಣ ಕಂಡ ಒಂದು ವಾರದ ಬಳಿಕ ಸಿ-ರಿಯಾಕ್ಟಿವ್ ಪ್ರೋಟೀನ್ (ಸಿಆರ್‌ಪಿ) ಮತ್ತು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ (ಎಲ್‌ಡಿಎಚ್), ಬದುಕುಳಿದವರಿಗಿಂತ ತೀರಿಕೊಂಡ 11 ಮಂದಿಯಲ್ಲಿ ಬಹಳ ಹೆಚ್ಚಿದ್ದವು. ಅಧ್ಯಯನ ಚಿಕ್ಕದು, ನಿಜ. ಆದರೆ ಪರೀಕ್ಷೆಯನ್ನು ಒಮ್ಮೆ ಮಾಡಿ ಬಿಡದೆ ಮತ್ತೆ ಮತ್ತೆ ಮಾಡಬೇಕೆಂಬ ಪಾಠ ಅದರಲ್ಲಿದೆ.

ಖರ್ಚಿನ ಆಕ್ಷೇಪ ಬರುವುದು ಸಹಜ. ನಾವು ಇಂಟರ್‌ಲೂಕಿನ್‌ನಂಥ ದುಬಾರಿ ಪರೀಕ್ಷೆ ಕೇಳುತ್ತಿಲ್ಲ. ಫಿಸ್ಟುಲಾಕ್ಕೆ (ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳಕ್ಕೆ) ಸೂಜಿ ಚುಚ್ಚಿದ ಮೇಲೆ, ಯಂತ್ರದ ಟ್ಯೂಬ್ ಜೋಡಿಸುವ ಮೊದಲು, ಅದೇ ಸೂಜಿಯಿಂದ ಒಂದೆರಡು ಸಣ್ಣ ಬಾಟಲಿ ರಕ್ತ ತೆಗೆದರೆ ಸಾಕು. ಇನ್ನೊಂದು ಚುಚ್ಚು ಬೇಕಿಲ್ಲ. ಅನುಭವಿ ವೈದ್ಯರ ಕಣ್ಣಿಗಿಂತ ಅಂಕಿ ದೊಡ್ಡದೇ ಎಂಬ ಪ್ರಶ್ನೆಯೂ ಏಳಬಹುದು. ದೊಡ್ಡದಲ್ಲ. ಆದರೆ ತಜ್ಞರು ಪ್ರತಿದಿನ ಬರಲಾಗದ ತಾಲ್ಲೂಕು ಘಟಕದಲ್ಲಿ ಯಾರ ಬಗ್ಗೆ ಅವರಿಗೆ ಮೊದಲು ಫೋನ್ ಮಾಡಬೇಕೆಂದು ಈ ಅಂಕಿ ಸಿಬ್ಬಂದಿಗೆ ತಿಳಿಸುತ್ತದೆ. ಇದೇ ಅಂಕಿಯನ್ನು ಮುಂದಿಟ್ಟು "ಇವರು ಹೇಗೂ ಉಳಿಯುವುದಿಲ್ಲ" ಎಂದು ಹಾಸಿಗೆ ನಿರಾಕರಿಸಬಹುದೆಂಬ ಭಯ ಎಲ್ಲಕ್ಕಿಂತ ಗಂಭೀರವಾದುದು. ಆದ್ದರಿಂದಲೇ ಈ ವಿಷಯವನ್ನು ಸ್ಥಳೀಯ ರೂಢಿಗೆ ಬಿಡದೆ ಲಿಖಿತ ನಿಯಮವಾಗಿಸಬೇಕು.

ಆದಕಾರಣ ನಮ್ಮ ಬೇಡಿಕೆಗಳು:

1. ಸಾಮಾನ್ಯ ದಿನಗಳಲ್ಲೇ ಪ್ರತಿ ಮೂರು ತಿಂಗಳಿಗೊಮ್ಮೆ ಸಿಆರ್‌ಪಿ, ಆಲ್ಬುಮಿನ್ ಮತ್ತು ಸಂಪೂರ್ಣ ರಕ್ತಕಣ ಎಣಿಕೆಯನ್ನು ಉಚಿತವಾಗಿ ಮಾಡಿ, ಫಲಿತಾಂಶವನ್ನು ರೋಗಿಯ ಕೈಪುಸ್ತಕದಲ್ಲಿ ದಾಖಲಿಸಬೇಕು.
2. ಸೋಂಕು ದೃಢಪಟ್ಟ ದಿನ ಹಾಗೂ ನಂತರದ ಪ್ರತಿ ಡಯಾಲಿಸಿಸ್‌ನಲ್ಲಿ ಇವನ್ನು ಎಲ್‌ಡಿಎಚ್ ಜೊತೆಗೆ ಮರುಪರೀಕ್ಷಿಸಬೇಕು.
3. ಫಲಿತಾಂಶವನ್ನು ಆರೈಕೆ ಹೆಚ್ಚಿಸಲು ಮಾತ್ರ ಬಳಸಬೇಕು. ಅದರ ಆಧಾರದ ಮೇಲೆ ಐಸಿಯು ಅಥವಾ ಡಯಾಲಿಸಿಸ್ ನಿರಾಕರಿಸಕೂಡದು.

ಮುಂದಿನ ಸಾಂಕ್ರಾಮಿಕ ಬಂದ ಮೇಲೆ ಹಿಂದಿನ ಅಂಕಿಗಳನ್ನು ಹೊಸದಾಗಿ ಸೃಷ್ಟಿಸಲಾಗದು. ದಾಖಲಿಸುವ ಕೆಲಸ ಈಗಲೇ ಶುರುವಾಗಬೇಕೆಂದು ಕೋರುತ್ತೇವೆ.

ರಾಜ್ಯದ ಡಯಾಲಿಸಿಸ್ ರೋಗಿಗಳು ಮತ್ತು ಕುಟುಂಬದವರ ಪರವಾಗಿ