ಗುಳೆಯ ಎರಡು ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಂದಿಗೆ 'ಗುಳೆ' ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟಾಗ ಮುದುಕರನ್ನು ಮನೆ ಕಾಯಲು ಬಿಟ್ಟು, ಗಂಟುಮೂಟೆ ಕಟ್ಟಿಕೊಂಡು ಗೋವೆಗೋ ಮಂಗಳೂರಿಗೋ ದುಡಿಯಲು ಹೋಗುವುದಕ್ಕೆ ಆ ಹೆಸರು. ಇಂಡಿಯವನಾದ ನಾನೂ ಇಂದು ಮಂಗಳೂರಿನಲ್ಲಿದ್ದೇನೆ. ಬೆಂಗಳೂರಿನ ಕಚೇರಿಯ ಕೆಲಸವನ್ನು ಇಲ್ಲಿಯ ಬಾಡಿಗೆಮನೆಯಲ್ಲಿ ಕುಳಿತೇ ಮಾಡುತ್ತೇನೆ. ಸಂಜೆ ಪಣಂಬೂರಿನ ದಂಡೆಯಲ್ಲಿ ಅಡ್ಡಾಡಿ ಬರುತ್ತೇನೆ. ಇದನ್ನು ಯಾರೂ ಗುಳೆ ಎನ್ನುವುದಿಲ್ಲ. 'ಮನೆಯಿಂದಲೇ ಕೆಲಸ' ಎಂಬ ಸೊಗಸಾದ ಹೆಸರು ಇದಕ್ಕುಂಟು. ಮನೆ ಮಾತ್ರ ಇಂಡಿಯಲ್ಲಿದೆ!

ಈ ಎರಡು ಬಗೆಯ ಅಂತರವು 2020ರ ಮಾರ್ಚ್ 25ರಂದು ಬಯಲಾಯಿತು. ಮಹಾಮಾರಿಯ ಭಯದಿಂದ ದೇಶವು ಬಾಗಿಲು ಮುಚ್ಚಿದಾಗ ಕಚೇರಿಯ ಕೆಲಸವು ನೌಕರನ ಮನೆಗೆ ತಾನಾಗಿ ನಡೆದು ಬಂದಿತು. ಕಲ್ಲುಗಾರೆಯ ಕೆಲಸದವರಾದರೋ ತಾವೇ ತಮ್ಮ ಮನೆಗಳ ಕಡೆಗೆ ನಡೆದು ಹೋಗಬೇಕಾಯಿತು.

ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ. ನಮ್ಮ ವಿಜಯಪುರದ ಸೀಮೆಯಲ್ಲಿ 600ರ ಆಸುಪಾಸು. ಮಳೆಗಾಲದಲ್ಲಿ ಇಲ್ಲಿ ಕಟ್ಟಡದ ಕೆಲಸ ಕುಂಠಿತವಾದಾಗ ಸಿಂದಗಿಯವರು, ಮುದ್ದೇಬಿಹಾಳದವರು ಊರಿಗೆ ಮರಳಿ ತೊಗರಿ ಬಿತ್ತುತ್ತಾರೆ. ಅವರ ಬಾಳು ಎರಡು ಊರುಗಳ ಮಳೆಯ ನಡುವೆ ತೂಗಾಡುತ್ತದೆ. ನನಗೆ ಕಡಲ ಮಳೆ ಕಿಟಕಿಯ ಆಚೆಗಿನ ನೋಟವಷ್ಟೆ.

ತಂತಿಯೊಳಗೆ ಹರಿದು ಬರುವ ಕೆಲಸವು ಇಂಡಿಗೂ ಬಂದೀತಲ್ಲ, ಅಲ್ಲಿಯೇ ಏಕಿರಬಾರದೆಂದು ಓದುಗರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಉದ್ಯೋಗಸ್ಥನು ತಂತಿಯೊಂದನ್ನೇ ನೆಚ್ಚಿ ಊರನ್ನು ಆರಿಸುವುದಿಲ್ಲ. ಮಕ್ಕಳ ಶಾಲೆ, ಅಪರಾತ್ರಿಯಲ್ಲಿ ತಲುಪಬಹುದಾದ ಆಸ್ಪತ್ರೆ, ಸಮಾನೋದ್ಯೋಗಿಗಳ ಒಡನಾಟ ಇವನ್ನೂ ಎಣಿಸುತ್ತಾನೆ. ಬೆಂಗಳೂರಿನ ಆಚೆಗೂ ಗಣಕೋದ್ಯಮವನ್ನು ಹರಡುವ ಸರಕಾರದ ಯೋಜನೆಯಲ್ಲಿ ಮೊದಲಿಗೆ ಎದ್ದು ಕಂಡ ಹೆಸರುಗಳೂ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗಳೇ. ಇದ್ದವರ ಮನೆಗೇ ನೆಂಟರು ಹೋಗುತ್ತಾರೆ.

ಇನ್ನು ಗಾರೆಯ ಕೆಲಸವು ತಂತಿಯೊಳಗೆ ಬಾರದು. ಆ ಮನೆಯವರನ್ನು ಊರಿನಲ್ಲಿ ನಿಲ್ಲಿಸಬಲ್ಲುದು ನೀರೊಂದೇ. ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟುದು 1964ರಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆಣೆಕಟ್ಟನ್ನು ನಾಡಿಗೆ ಅರ್ಪಿಸಿದುದು 2006ರಲ್ಲಿ. ನಡುವೆ 42 ವರ್ಷ! ಅಷ್ಟರಲ್ಲಿ ಒಂದು ತಲೆಮಾರು ಗುಳೆ ಹೋಗಿ ಮುದುಕಾಯಿತು. ಇಂಡಿಯ ನಿಂಬೆಗೆ ಈಗ ಭೌಗೋಳಿಕ ಗುರುತಿನ ಮಾನ ದೊರೆತಿದೆ. ಸಂತೋಷವೇ. ಆದರೆ ಹಣ್ಣಿಗೆ ತನ್ನ ಊರಿನ ಹೆಸರಿನಿಂದ ಬೆಲೆ ಬರುವಾಗ, ಅದನ್ನು ಕೊಯ್ಯುವ ಕೈ ಪರಸ್ಥಳದಲ್ಲಿ ಕಲ್ಲು ಹೊರುತ್ತಿರಬೇಕೆ?

ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಎಂದು ಕಾಯಕವನ್ನೇ ಹೆಸರಿಗೆ ಕೂಡಿಸಿ ಗೌರವಿಸಿದ ಆ ಶರಣರ ಬಳಗದಲ್ಲಿ ಕಾಯಕಕ್ಕೆ ಮೇಲುಕೀಳಿರಲಿಲ್ಲ. ನಾವಾದರೋ ಒಬ್ಬನು ಊರು ಬಿಟ್ಟರೆ ಸ್ವಾತಂತ್ರ್ಯವೆಂದೂ ಇನ್ನೊಬ್ಬನು ಬಿಟ್ಟರೆ ದುರ್ದೈವವೆಂದೂ ಕರೆಯುತ್ತೇವೆ. ಇಚ್ಛೆಯಿಂದ ಹೋಗುವವನನ್ನು ತಡೆಯುವುದು ಬೇಡ. ಆದರೆ ಊರಿನಲ್ಲಿ ಇರಬೇಕೆನ್ನುವವನಿಗೆ ಇರಲು ಬರುವಂತಾಗಬೇಕು. ನಾಲ್ಕು ತಾಲೂಕುಗಳ ಏಳಿಗೆಯನ್ನು ಅಳೆಯುವವರು ಕಟ್ಟಿದ ರಸ್ತೆಗಳನ್ನು ಎಣಿಸುವುದರ ಜೊತೆಗೆ, ಸುಗ್ಗಿ ಮುಗಿದ ಮೇಲೂ ಊರಿನಲ್ಲೇ ಉಳಿದ ಮನೆಗಳೆಷ್ಟೆಂಬುದನ್ನೂ ಎಣಿಸಲಿ.