ಡ್ಯಾಕ್ ಕೊಳ್ಳುವವರ ಜೊತೆ ಒಂದು ತಕರಾರು

ಮನೆಯಲ್ಲಿ ಹಾಡು ಕೇಳಲು 20 ಸಾವಿರದ ಡ್ಯಾಕ್, ಅದಕ್ಕೊಪ್ಪುವ ಇನ್ನೊಂದು 20 ಸಾವಿರದ ಆಂಪ್ಲಿಫೈಯರ್ ಬೇಕೇ ಬೇಕು ಎನ್ನುವ ಗೆಳೆಯರು ಈಗ ಕೊಪ್ಪಳ, ಗಂಗಾವತಿಯಲ್ಲೂ ಇದ್ದಾರೆ. ನನ್ನ ತಕರಾರು ಅವರ ಕಿವಿಯ ಮೇಲಲ್ಲ, ಲೆಕ್ಕದ ಮೇಲೆ.

ಅಂಕಿಗಳನ್ನು ದನಿಯ ಅಲೆಯಾಗಿಸುವುದಷ್ಟೇ ಡ್ಯಾಕಿನ ಕೆಲಸ. 44.1 ಕಿಲೋಹರ್ಟ್ಸ್‌ನ ಸಿ.ಡಿ. ಸುಮಾರು 22 ಕಿಲೋಹರ್ಟ್ಸ್‌ವರೆಗಿನ ದನಿ ಹಿಡಿಯುತ್ತದೆ. ಎಳೆಯರ ಕಿವಿಯೂ 20ಕ್ಕೆ ನಿಲ್ಲುತ್ತದೆ. ಇಷ್ಟನ್ನು ಅಗ್ಗದ ಡ್ಯಾಕೂ ಚೆನ್ನಾಗಿ ಮಾಡುತ್ತದೆ. ಜೋಡಿಸುವಾಗ ನೋಡಬೇಕಾದ್ದು ಇಂಪೆಡೆನ್ಸ್: ಆಂಪ್ಲಿಫೈಯರಿನದು ಹೆಡ್‌ಫೋನಿನದರ ಎಂಟರಲ್ಲೊಂದು ಪಾಲು ಮೀರದಿದ್ದರೆ ಸಾಕು. 32 ಓಮ್ ಹೆಡ್‌ಫೋನಿಗೆ 4 ಓಮ್. 300 ಓಮ್‌ನದನ್ನು ಕೊಂಡವರಿಗೆ ಬೇರೆ ಆಂಪ್ಲಿಫೈಯರ್ ಬೇಕಾದೀತು, ಒಪ್ಪುತ್ತೇನೆ.

ಉಳಿದ ದುಡ್ಡು? ಸಂಶೋಧನೆಗೆಂದು ನಾನು ಸುತ್ತುವ ಕುಷ್ಟಗಿ, ಯಲಬುರ್ಗಾದ ಹಳ್ಳಿಮನೆಗಳ ಟ್ರಂಕುಗಳಲ್ಲಿ ರಿವಾಯತ್ ಪದ, ದೊಡ್ಡಾಟ, ತತ್ವಪದಗಳ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುತ್ತಿವೆ. ಟೇಪಿನ ಅಂಟು ಸಡಿಲಾಗಿ ಪುಡಿ ಉದುರಿತೆಂದರೆ ಯಾವ ಡ್ಯಾಕೂ ಆ ದನಿಯನ್ನು ಮರಳಿ ತಾರದು. ಮೋರನಾಳದ ಭೀಮವ್ವನವರ ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಿದ್ದರಿಂದಲೇ ದನಿ ಉಳಿಯುವುದಿಲ್ಲ.

ಆ ಟೇಪುಗಳಿಗೆ ಬೇಕಾದ್ದು ಉಲ್ಟಾ ಕೆಲಸದ ಪೆಟ್ಟಿಗೆ, ಅಲೆಯನ್ನು ಅಂಕಿಯಾಗಿಸುವಂಥದ್ದು. ದನಿ ಸಂಗ್ರಹಾಲಯಗಳು ಕನಿಷ್ಠವೆನ್ನುವ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ದಾಖಲಿಸುವ ಆಡಿಯೊ ಇಂಟರ್‌ಫೇಸ್‌ಗೆ 20 ಸಾವಿರವೂ ಬೇಕಿಲ್ಲ. ಅದರೊಳಗೇ ಡ್ಯಾಕ್ ಇದೆ, ಹೆಡ್‌ಫೋನ್ ಆಂಪ್ಲಿಫೈಯರೂ ಇದೆ. ಇಂಪೆಡೆನ್ಸಿನ ಲೆಕ್ಕ ಅಲ್ಲೂ ನೋಡಿಕೊಳ್ಳಿ. ಕೊಳ್ಳುವುದಿದ್ದರೆ ಅದನ್ನು ಕೊಳ್ಳಿ. ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜನ ಟ್ರಂಕು ತೆಗೆಸಿ.